ತುಪ್ಪದ ಸದ್ದು, ಮಣ್ಣಿನ ಬಿಲ್ಲೆ

ಬೆಣ್ಣೆ ಕಾಯಿಸುವಾಗ ನಮ್ಮಮ್ಮ ಮಾತಾಡುತ್ತಿರಲಿಲ್ಲ. ಚಟಪಟ ಸದ್ದು ಅಡಗುತ್ತಿದ್ದಂತೆ ಪಾತ್ರೆ ಇಳಿಸಿಬಿಡುತ್ತಿದ್ದಳು. "ಎಷ್ಟು ಹೊತ್ತು ಕಾಯಿಸಬೇಕಮ್ಮಾ?" ಎಂದರೆ, "ಹೊತ್ತಿನ ಲೆಕ್ಕವಲ್ಲ ಕಣೇ, ಅದೇ ಹೇಳುತ್ತೆ" ಎನ್ನುವಳು. ಅವಳು ಹೋದ ಮೇಲೆ ನಾನು ಕಾಯಿಸಿದ ಮೊದಲ ತುಪ್ಪ ಸೀದುಹೋಯಿತು. ಮಕ್ಕಳಿಗೆ ಚರಿತ್ರೆಯ ಪಾಠ ಹೇಳುವ ನನ್ನನ್ನು ಅಂದು ಒಂದು ಪ್ರಶ್ನೆ ಕಾಡಿತು. ಕೈಯಲ್ಲಿದ್ದ ವಿದ್ಯೆ ಕೈಯೊಡನೆಯೇ ಹೋಗಬೇಕೆ?

ಇಂಗ್ಲೆಂಡಿನ ಜೊಸಾಯ ವೆಜ್‌ವುಡ್ (1730–1795) ಕುಂಬಾರರ ಮನೆಯ ಮಗ. ಎಳವೆಯಲ್ಲಿ ಬಂದ ಸಿಡುಬಿನಿಂದ ಮೊಣಕಾಲು ಕೆಟ್ಟು, 1768ರಲ್ಲಿ ಆ ಕಾಲನ್ನೇ ತೆಗೆಸಬೇಕಾಯಿತು. ಆದರೂ ಆತ ಆವಿಗೆಯ ಮುಂದಿನಿಂದ ಏಳಲಿಲ್ಲ. ಆಗ ಉರಿಯ ಹದ ಹೇಳಲು ಇದ್ದದ್ದು ಕೆಲಸಗಾರನ ಕಣ್ಣೊಂದೇ. ಪಾದರಸ ಸುಮಾರು 357 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯುವುದರಿಂದ ಥರ್ಮಾಮೀಟರು ಅಲ್ಲಿ ಕೆಲಸಕ್ಕೆ ಬಾರದು. ಹದ ತಪ್ಪಿದರೆ ಆವಿಗೆ ತುಂಬ ಇಟ್ಟ ಪಾತ್ರೆಗಳೆಲ್ಲ ಹಾಳು.

ಜೇಡಿಮಣ್ಣು ಹೆಚ್ಚು ಬೆಂದಷ್ಟೂ ಕುಗ್ಗುತ್ತದೆ. ವೆಜ್‌ವುಡ್ ಒಂದೇ ಅಳತೆಯ ಮಣ್ಣಿನ ಬಿಲ್ಲೆಗಳನ್ನು ಆವಿಗೆಯಲ್ಲಿಟ್ಟು, ತಣಿದ ಮೇಲೆ ಬರಬರುತ್ತಾ ಕಿರಿದಾಗುವ ಎರಡು ಪಟ್ಟಿಗಳ ನಡುವೆ ಜಾರಿಸಿದ. ಬಿಲ್ಲೆ ಎಷ್ಟು ಒಳಗೆ ಹೋಯಿತೋ ಉರಿ ಅಷ್ಟು! 1782ರಲ್ಲಿ ಇದನ್ನು ರಾಯಲ್ ಸೊಸೈಟಿಯ ಮುಂದಿಟ್ಟ. ಮರುವರ್ಷ ಅದರ ಸದಸ್ಯನಾದ. ಆತನ ಡಿಗ್ರಿಗಳ ಲೆಕ್ಕ ಮಾತ್ರ ತಪ್ಪಿತ್ತು. ಬೆಳ್ಳಿ ಕರಗುವುದು ಸುಮಾರು 1763 ಡಿಗ್ರಿ ಫ್ಯಾರನ್‌ಹೀಟಿಗೆ. ಆತನ ಲೆಕ್ಕದಲ್ಲಿ ಅದು 4717. ಆದರೆ ನಿನ್ನೆಯ ಉರಿಯನ್ನು ಇಂದಿನದರ ಜೊತೆ ಹೋಲಿಸಲು ಬಿಲ್ಲೆ ಸಾಕಾಗಿತ್ತು. ಹದ ಒಬ್ಬನ ಕಣ್ಣಿನಿಂದ ಇಳಿದು, ಯಾರ ಕೈಗಾದರೂ ಸಿಗುವ ವಸ್ತುವಾಯಿತು.

1887ರಲ್ಲಿ ಫ್ರಾನ್ಸಿನ ಲ ಷಾಟೆಲಿಯೆ ಬಗೆಬಗೆಯ ಜೇಡಿಮಣ್ಣನ್ನು ಕಾಯಿಸುತ್ತ, ಬಿಸಿ ಏರುವ ವೇಗವನ್ನು ಗುರುತಿಸಿದ. ಮಣ್ಣಿನೊಳಗೆ ಬೆರೆತ ನೀರು ಬಿಟ್ಟುಹೋಗುವಾಗ ಬಿಸಿಯ ಏರಿಕೆ ನಿಧಾನವಾಗುತ್ತದೆ. ಯಾವ ಹಂತದಲ್ಲಿ ನಿಧಾನವಾಯಿತೆಂಬುದರಿಂದ ಅದು ಯಾವ ಜಾತಿಯ ಮಣ್ಣೆಂದು ಹೇಳಬಹುದು. 1915ರಲ್ಲಿ ಜಪಾನಿನ ಕೊಟಾರೊ ಹೊಂಡಾ, ಕಾಯುತ್ತಿರುವ ವಸ್ತುವಿನ ತೂಕ ಇಳಿಯುವುದನ್ನು ಅಲ್ಲೇ ತೋರಿಸುವ ತಕ್ಕಡಿ ಮಾಡಿದ. 1960ರ ದಶಕದಲ್ಲಿ ಅಮೆರಿಕದ ವಾಟ್ಸನ್ ಮತ್ತು ಓನೀಲ್ ರೂಪಿಸಿದ ಉಪಕರಣಕ್ಕೆ ಕೆಲವು ಮಿಲಿಗ್ರಾಂ ಮಾದರಿ ಸಾಕು. ಇಂದು ಔಷಧ, ಪ್ಲಾಸ್ಟಿಕ್ಕಿನ ಕಾರ್ಖಾನೆಗಳಲ್ಲಿ ಬಂದ ಸರಕು ಸರಿಯಿದೆಯೇ ಎಂದು ಹೀಗೆಯೇ ಕಾಯಿಸಿ ನೋಡುತ್ತಾರೆ.

ಅಮ್ಮ ಕೇಳುತ್ತಿದ್ದದ್ದೂ ನೀರು ಹೋಗುವ ಸದ್ದನ್ನೇ. ಮೊನ್ನೆ ಸೊಸೆ ಬೆಣ್ಣೆ ಒಲೆಗಿಟ್ಟಾಗ ಹೇಳಿದೆ: "ನೀರಿರುವವರೆಗೆ ಬಿಸಿ ತಡೆದಿರುತ್ತೆ ಕಣಮ್ಮಾ. ಸದ್ದು ನಿಂತಿತೋ, ಇಳಿಸಿಬಿಡು." ಅವಳ ತುಪ್ಪ ಸೀಯಲಿಲ್ಲ.