ಓಲೆಯ ಸಾಕ್ಷಿಯೂ ಮುದ್ರಣದ ಅಡಿಟಿಪ್ಪಣಿಯೂ

ಕರಜಗಿಯನ್ನೊಳಗೊಂಡ ಆಳಂದ, ಅಫಜಲಪುರ, ಜೇವರ್ಗಿಗಳ ಸೀಮೆಯು ಶರಣವಾಙ್ಮಯಕ್ಕೆ ಹೊರತಾದುದಲ್ಲ. ಅಖಂಡೇಶ್ವರನ ಅಂಕಿತದಿಂದ ವಚನಗಳನ್ನು ರಚಿಸಿದ ಷಣ್ಮುಖ ಶಿವಯೋಗಿಗಳು ೧೭ನೆಯ ಶತಮಾನದಲ್ಲಿ ಜೇವರ್ಗಿಯಲ್ಲಿಯೇ ಬೆಳಗಿದರು. ಚೆನ್ನಬಸವಣ್ಣನವರಿಂದ ಮೊದಲಾಗಿ ಇಂಥವರವರೆಗೆ ಸಾಗಿಬಂದ ಶಾಸ್ತ್ರೀಯ ವಚನಗಳಲ್ಲಿ ಒಂದು ಕ್ರಮವನ್ನು ಕಾಣಬಹುದು. ಮಾತಿನ ನಡುವೆ “ಅದೆಂತೆಂದೊಡೆ” ಎಂದು ನಿಲ್ಲಿಸಿ, ಆಗಮದ ಶ್ಲೋಕವನ್ನೋ ಪುರಾತನರ ನುಡಿಯನ್ನೋ ಸಾಕ್ಷಿಯಾಗಿ ತಂದು, “ಎಂದುದಾಗಿ” ಎಂದು ಮುಗಿಸಿ ಮುಂದುವರಿಯುವುದೇ ಆ ಕ್ರಮವು. ಇಂದು ಅಡಿಟಿಪ್ಪಣಿಯು ಮಾಡುವ ಕೆಲಸವನ್ನು ಆಗ ವಚನದ ಒಡಲೇ ಮಾಡುತ್ತಿದ್ದಿತು.

ಇದಕ್ಕೆ ಓಲೆಯ ಆಕಾರವೂ ಕಾರಣವು. ಉದ್ದವಾಗಿ ಕಿರಿದಾದ ಗರಿಯಲ್ಲಿ ಕಬ್ಬಿಣದ ಕಂಟದಿಂದ ಕೊರೆದ ಸಾಲುಗಳು ಎಡೆಬಿಡದೆ ಸಾಗುವುವು. ಪುಟದ ಅಡಿಯೆಂಬುದು ಅಲ್ಲಿಲ್ಲ. ವಿವರಣೆ ಬೇಕಾದಾಗ ಮೂಲದ ಬೆನ್ನಿಗೇ ಟೀಕೆಯನ್ನು ಬರೆಯುತ್ತಿದ್ದರು. ೧೫ನೆಯ ಶತಮಾನದ ಕಲ್ಲುಮಠದ ಪ್ರಭುದೇವರು ‘ಲಿಂಗಲೀಲಾವಿಲಾಸ ಚಾರಿತ್ರ’ದಲ್ಲಿ ವಚನಗಳನ್ನಾಯ್ದು ಟೀಕೆಯೊಡನೆ ಜೋಡಿಸಿದುದು ಈ ಬಗೆಗೆ ಉತ್ತಮ ನಿದರ್ಶನವು. ಆದರೆ ಇದರಲ್ಲಿ ಅಪಾಯವೂ ಉಂಟು. ಪ್ರತಿಕಾರನು ಅಂಚಿನಲ್ಲಿ ಗೀಚಿದ ಮಾತು ಮುಂದಿನ ಪ್ರತಿಯಲ್ಲಿ ಮೂಲದೊಳಗೆ ನುಸುಳಿದರೆ, ಅದು ಶರಣರ ನುಡಿಯೋ ಅನ್ಯರದೋ ಎಂದು ಬೇರ್ಪಡಿಸುವವರಾರು?

ಷಣ್ಮುಖರ ಶತಮಾನವು ಮುಗಿಯುವ ಹೊತ್ತಿಗೆ ಯೂರೋಪಿನಲ್ಲಿ ಪಿಯರ್ ಬೇಲನ ಕೋಶವು (೧೬೯೭) ಹೊರಬಂದಿತು. ಅದರಲ್ಲಿ ಮೂಲಕ್ಕಿಂತ ಟಿಪ್ಪಣಿಗಳೇ ಹೆಚ್ಚು! ಕನ್ನಡಕ್ಕೆ ಈ ಪದ್ಧತಿಯು ಅಚ್ಚುಕೂಟದೊಡನೆ ಬಂದಿತು. ವಿಜಯಪುರದ ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು, ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ವೃತ್ತಿಯಿಂದ ವಕೀಲರಾದ ಅವರಿಗೆ ಸಾಕ್ಷಿಯ ಬೆಲೆಯನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಆದರೂ ಗೆದ್ದಲಿನ ಬಾಯಿಂದ ವಚನಗಳನ್ನು ಬಿಡಿಸಿ ತರುವುದೇ ಆಗಿನ ಮೊದಲ ಕಾರ್ಯವಾಗಿದ್ದಿತು. ಹಲವು ಪ್ರತಿಗಳನ್ನು ಹೋಲಿಸಿ ಪಾಠಾಂತರಗಳನ್ನು ಕ್ರಮವಾಗಿ ಕೊಡುವ ಕಾರ್ಯವು ಶಿ. ಶಿ. ಬಸವನಾಳರಂಥ ಸಂಪಾದಕರಿಂದ ನೆಲೆಗೊಂಡಿತು.

ಪಾಠಾಂತರವೆಂದರೆ ಅಕ್ಷರದ ಹೆಚ್ಚುಕಡಮೆಯಷ್ಟೇ ಎಂದು ಬಗೆಯಲಾಗದು. ಶೂನ್ಯಸಂಪಾದನೆಗೆ ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರ ಸಿದ್ಧವೀರಣಾರ್ಯ ಎಂಬ ನಾಲ್ವರು ಸಂಪಾದಕರುಂಟು. ಈ ಸೀಮೆಗೆ ನೆರೆಯದಾದ ಸೊನ್ನಲಿಗೆಯ ಸಿದ್ಧರಾಮರಿಗೆ ಇಷ್ಟಲಿಂಗದೀಕ್ಷೆಯಾದ ಪ್ರಸಂಗವು ಮೊದಲಿನ ಮಹಾದೇವಯ್ಯನಲ್ಲಿಲ್ಲ. ಅನಂತರದ ಪರಿಷ್ಕರಣದಲ್ಲಿ ಸೇರಿತು. ದೀಕ್ಷೆಯು ಬೇಕಿತ್ತೇ, ಅವರ ಅರಿವೇ ಸಾಲದಾಗಿತ್ತೇ ಎಂಬುದು ಸಮಯಾಚಾರದ ಹೃದಯವನ್ನೇ ಮುಟ್ಟುವ ಪ್ರಶ್ನೆಯು. ೧೯೩೦ರಲ್ಲಿ ಹಳಕಟ್ಟಿಯವರು ಅಚ್ಚಿಗಿತ್ತುದು ಗೂಳೂರವರ ಪಾಠವನ್ನು. ಅದೊಂದನ್ನೇ ಓದಿದವನಿಗೆ ಇಂಥ ಪ್ರಶ್ನೆಯೇ ಹುಟ್ಟದು. ಪುಟದ ಕೆಳಗೆ ಒಂದು ಸಾಲು ಇದ್ದರೆ ಎರಡು ಪಕ್ಷಗಳೂ ಓದುಗನ ಮುಂದೆ ನಿಲ್ಲುವುವು. ಇಂಥ ಟಿಪ್ಪಣಿಗಳನ್ನು ಗ್ರಂಥದ ಕೊನೆಗೆ ತಳ್ಳುವುದು ಯುಕ್ತವಲ್ಲ. ಕಠಿಣ ಪದಗಳ ಅರ್ಥವಾದರೆ ಕೊನೆಯಲ್ಲಿದ್ದರೂ ನಡೆದೀತು; ನಿತ್ಯಪಾರಾಯಣಕ್ಕೆ ಅದೇ ಅನುಕೂಲವು.

೧೯೯೩ರಲ್ಲಿ ಕರ್ನಾಟಕ ಸರಕಾರವು ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನಸಂಪುಟಗಳನ್ನು ೧೫ ಭಾಗಗಳಾಗಿ ಹೊರತಂದಿತು. ಅಲ್ಲಿ ವಚನಗಳಿಗೆ ಅಂಕೆಯನ್ನು ಕೊಟ್ಟಿರುವುದರಿಂದ, ಪ್ರವಚನಕಾರರು ಉದ್ಧರಿಸಿದ ನುಡಿಯನ್ನು ಕರಜಗಿಯ ಭಕ್ತನೊಬ್ಬನು ಸಂಪುಟವನ್ನು ತೆರೆದು ತಾನೇ ನೋಡಿಕೊಳ್ಳಬಹುದಾಗಿದೆ.