ಗುಟ್ಟಿನ ಪದದ ಹಿಂದಿನ ಕತೆ

ಕೆಲವು ವರ್ಷಗಳ ಹಿಂದೆ ಒಂದು ಪುಟ್ಟ ಸಾಹಿತ್ಯ ಬಳಗದ ಜಾಲತಾಣಕ್ಕೆ ಸದಸ್ಯರ ನೋಂದಣಿ ಮತ್ತು ಲಾಗಿನ್ ಪುಟಗಳನ್ನು ಬರೆದುಕೊಟ್ಟಿದ್ದೆ. ವರ್ಡ್‌ಪ್ರೆಸ್‌ನಲ್ಲಿ ಸಿದ್ಧವಾಗಿಯೇ ಇದ್ದ ಪುಟ ನನಗೆ ಹಿಡಿಸಿರಲಿಲ್ಲ. ಬೇರೆಯೇ ಟೇಬಲ್ ಮಾಡಿ ಹೆಸರು, ಇಮೇಲ್, ಪಾಸ್‌ವರ್ಡ್ ಮೂರನ್ನೂ ಸದಸ್ಯರು ಟೈಪಿಸಿದಂತೆಯೇ ಅದರಲ್ಲಿ ತುಂಬಿದೆ. ಒಂದು ದಿನ ಯಾರೋ ಪಾಸ್‌ವರ್ಡ್ ಮರೆತೆನೆಂದರು. ಟೇಬಲ್ ತೆರೆದೆ. ಮಕ್ಕಳ ಹೆಸರು, ಹುಟ್ಟೂರು, ಮನೆದೇವರು. ನನಗೆ ಚೆನ್ನಾಗಿ ಪರಿಚಯವಿದ್ದ ಹಿರಿಯರೊಬ್ಬರದು ತೀರಿಹೋದ ಹೆಂಡತಿಯ ಹೆಸರು. ತಟ್ಟನೆ ಮುಚ್ಚಿದೆ. ಆದರೆ ಓದಿಯಾಗಿತ್ತು.

ಈ ತಪ್ಪು ನನಗಿಂತ ಹಳೆಯದು ಎಂದು ಆಮೇಲೆ ತಿಳಿಯಿತು. 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ತೋರಿಸಿದರು. ಒಂದೇ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸಬಹುದಿತ್ತು. ಹಂಚಿಕೊಂಡ ಮನೆಯಲ್ಲಿ ಅವರವರ ಪೆಟ್ಟಿಗೆಗೆ ಬೀಗ ಬೇಕಲ್ಲ, ಹಾಗೆ ಬಂದದ್ದು ಪಾಸ್‌ವರ್ಡ್. ಬೀಗದ ಕೈಗಳನ್ನೆಲ್ಲ ಒಂದೇ ಕಡತದಲ್ಲಿ ಬಿಡಿಸಿಟ್ಟಿದ್ದರು! 1962ರಲ್ಲಿ ಆಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ವಾರಕ್ಕೆ ಸಿಕ್ಕ ನಾಲ್ಕು ಗಂಟೆ ಸಾಲಲಿಲ್ಲ. ಆ ಕಡತವನ್ನು ಮುದ್ರಿಸಿಕೊಡಿ ಎಂದು ಪಂಚ್ ಕಾರ್ಡ್‌ನಲ್ಲಿ ಕೋರಿಕೆ ಹಾಕಿದ, ಯಂತ್ರ ಮುದ್ರಿಸಿಕೊಟ್ಟಿತು. ಇದು ಕಳ್ಳತನವೋ ವಿಧೇಯತೆಯೋ ಎಂದು ನನಗೆ ನಗು ಬರುತ್ತದೆ. ಇನ್ನೊಮ್ಮೆ ಇಬ್ಬರು ನಿರ್ವಾಹಕರು ಒಟ್ಟಿಗೆ ಎಡಿಟರ್ ಬಳಸಿದಾಗ ತಾತ್ಕಾಲಿಕ ಕಡತಗಳು ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ದಿನದ ಸಂದೇಶದ ಬದಲು ಎಲ್ಲರ ಪಾಸ್‌ವರ್ಡ್‌ಗಳು ಕಂಡವು.

ಪದವನ್ನೇ ಇಡದೆ, ಹಿಂದಕ್ಕೆ ತಿರುಗಿಸಲಾಗದಂತೆ ಅರೆದ ಅದರ ಗುರುತನ್ನಷ್ಟೇ ಇಡುವ ಕ್ರಮ ನಂತರ ಬಂತು. ಯುನಿಕ್ಸ್‌ನ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರ ಪ್ರಬಂಧದಲ್ಲಿ ಅದಕ್ಕೊಂದು ಚಿಟಿಕೆ 'ಉಪ್ಪನ್ನೂ' ಸೇರಿಸಿದ್ದನ್ನು ವಿವರಿಸಿದರು. ಇಬ್ಬರ ಪಾಸ್‌ವರ್ಡ್ ಒಂದೇ ಆದರೂ ಗುರುತು ಬೇರೆಯಾಗಲಿ ಎಂದು. ಅವರು ಕಲೆಹಾಕಿದ 3,289 ಪಾಸ್‌ವರ್ಡ್‌ಗಳಲ್ಲಿ 2,831 ಸುಲಭಕ್ಕೆ ಸಿಕ್ಕುವಂಥವು. ಹದಿನೈದು ಮಂದಿಯದು ಒಂದೇ ಅಕ್ಷರ! ನಾನು ತಿರಸ್ಕರಿಸಿದ್ದ ವರ್ಡ್‌ಪ್ರೆಸ್ ಪುಟದ ಹಿಂದೆ ಈ ವಿವೇಕವೆಲ್ಲ ಕೂತಿತ್ತು.

ಆ ರಾತ್ರಿಯೇ ಸದಸ್ಯರನ್ನೆಲ್ಲ ಅದಕ್ಕೆ ಸಾಗಿಸಿ ನನ್ನ ಟೇಬಲ್ ಅಳಿಸಿದೆ. ಹೊಸ ಪಾಸ್‌ವರ್ಡ್ ಇಟ್ಟುಕೊಳ್ಳಿ, ತಪ್ಪು ನನ್ನದು ಎಂದು ಎಲ್ಲರಿಗೂ ಬರೆದೆ. ಮರುದಿನ ಆ ಹಿರಿಯರು ಫೋನ್ ಮಾಡಿದರು.

"ಹಳೇದನ್ನೇ ಇಟ್ಕೋಬಹುದೇನಪ್ಪಾ?"

"ಬೇಡಿ ಸಾರ್," ಎಂದೆ.

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.