ಅಗಲ ಟೈರ್ ಇದ್ದರೆ ಸೈಕಲ್ ನಿಧಾನವೇ?

ಜಲ್ಲಿ ರಸ್ತೆಗೆಂದೇ ಬರುವ ಗ್ರಾವೆಲ್ ಬೈಕಿನ ಅಗಲ ಟೈರ್ ಕಂಡವರು ‘ಇದು ಓಡಲ್ಲ’ ಎನ್ನುವುದುಂಟು. ಈ ನಂಬಿಕೆಗೆ ಬಲ ಕೊಟ್ಟದ್ದು ಪ್ರಯೋಗಾಲಯದ ಉಕ್ಕಿನ ಡ್ರಮ್. ನುಣುಪಾದ ಡ್ರಮ್ ಮೇಲೆ ಉರುಳಿಸಿದಾಗ, ಗಾಳಿ ಹೆಚ್ಚು ತುಂಬಿದಷ್ಟೂ ಟೈರ್ ಕಡಿಮೆ ಬಾಗುತ್ತದೆ, ಶಕ್ತಿಯ ನಷ್ಟವೂ ಕಡಿಮೆ. ಆದರೆ ಡ್ರಮ್ ಮೇಲೆ ಸವಾರನೇ ಇಲ್ಲವಲ್ಲ! ಜಲ್ಲಿಯ ಮೇಲೆ ಗಟ್ಟಿ ಟೈರ್ ಪ್ರತಿ ಕಲ್ಲಿಗೂ ಪುಟಿಯುತ್ತದೆ. ಆ ಕುಲುಕಾಟದಲ್ಲಿ ನೀವು ತುಳಿದ ಶಕ್ತಿಯ ಒಂದಷ್ಟು ಭಾಗ ನಿಮ್ಮ ಮೈಯಲ್ಲೇ ಶಾಖವಾಗಿ ಕಳೆದುಹೋಗುತ್ತದೆ. ಅಮೆರಿಕದ ‘ಬೈಸಿಕಲ್ ಕ್ವಾರ್ಟರ್ಲಿ’ ಪತ್ರಿಕೆಯ ಯಾನ್ ಹೈನೆ ತಂಡ ಸವಾರನನ್ನು ಕೂರಿಸಿಯೇ ರಸ್ತೆಯಲ್ಲಿ ಅಳೆದಾಗ, ಅಗಲವೊಂದರಿಂದಲೇ ವೇಗ ಕುಗ್ಗದೆಂದು ಕಂಡುಕೊಂಡಿತು. ಟೈರಿನ ಒಳಪದರ ಮಾತ್ರ ಮೃದುವಾಗಿರಬೇಕು.

ನೀವೇ ಪರೀಕ್ಷಿಸಬೇಕೇ? ಗಾಳಿ ಬೀಸದ ದಿನ, ವಾಹನಗಳಿಲ್ಲದ ಒಂದೇ ಇಳಿಜಾರಿನಲ್ಲಿ, ಒಂದೇ ಭಂಗಿಯಲ್ಲಿ, ಪೆಡಲ್ ತುಳಿಯದೆ ಇಳಿದು ಸಮಯ ನೋಡಿ. ಪ್ರತಿ ಟೈರಿಗೂ ನಾಲ್ಕೈದು ಬಾರಿ.